ಗೋಲು ಹೊಡೆಯದವರ ಆಟವೂ ವರದಿಯಾಗಲಿ

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ಆಟಗಾರರ ನಿವೃತ್ತಿಯ ವರದಿಗಳಲ್ಲಿ ಗೋಲುಗಳ ಲೆಕ್ಕವೇ ಮುಂದಾಗಿ, ಮೈದಾನದ ನಡುಭಾಗದಲ್ಲಿ ಆಡುವ ಮಿಡ್‌ಫೀಲ್ಡರ್‌ಗಳ ದುಡಿಮೆ ಮರೆಯಾಗುತ್ತಿರುವುದು ಬೇಸರದ ಸಂಗತಿ. ಸ್ಪೇನ್‌ನ ಸೆರ್ಗಿಯೊ ಬುಸ್ಕೆಟ್ಸ್ ಅವರನ್ನೇ ನೋಡಿ. 2008ರಿಂದ 2023ರವರೆಗೆ ಬಾರ್ಸಿಲೋನಾ ಪರ 722 ಪಂದ್ಯ, ಗೋಲು ಬರೀ 18. ದೇಶದ ಪರ 143 ಪಂದ್ಯಗಳಲ್ಲಿ ಎರಡೇ ಗೋಲು. ಈ ಅಂಕಿಗಳನ್ನಷ್ಟೇ ಓದಿದವರಿಗೆ ಇವರು ಸಾಧಾರಣ ಆಟಗಾರ ಎನಿಸೀತು. 2010ರ ವಿಶ್ವಕಪ್ ಹಾಗೂ 2012ರ ಯುರೋ ಕಪ್ ಗೆದ್ದ ತಂಡಕ್ಕೆ ಬೆನ್ನೆಲುಬಾಗಿದ್ದವರು ಇವರೇ ಎಂಬುದು ಹೊಳೆಯುವುದಾದರೂ ಹೇಗೆ?

ಅವರ ಆಟವನ್ನು ವರ್ಷಗಟ್ಟಲೆ ನೋಡಿದವನು ನಾನು. ಚೆಂಡು ಕಾಲಿಗೆ ಬರುವ ಮುನ್ನವೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ಹೊರಳಿಸಿ ನೋಡುತ್ತಿದ್ದರು. ಎದುರಾಳಿ ನುಗ್ಗಿ ಬಂದರೆ ಅಂಗಾಲಿನಿಂದ ಚೆಂಡನ್ನು ತುಸು ಹಿಂದಕ್ಕೆ ಎಳೆಯುತ್ತಿದ್ದರು, ಅಷ್ಟೇ. ಆತ ವೇಗ ತಡೆಯಲಾರದೆ ಮುಂದೆ ಹೋಗಿರುತ್ತಿದ್ದ. ಚೆಂಡು ಅಷ್ಟರಲ್ಲಿ ಜೊತೆಯಾಟಗಾರ ಶಾವಿಯ ಕಾಲು ಸೇರಿರುತ್ತಿತ್ತು. ಜೋಹಾನ್ಸ್‌ಬರ್ಗ್‌ನ ವಿಶ್ವಕಪ್ ಫೈನಲ್‌ನಲ್ಲಿ ಇನಿಯೆಸ್ಟಾ 116ನೇ ನಿಮಿಷದಲ್ಲಿ ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಅಂದು 120 ನಿಮಿಷವೂ ರಕ್ಷಣಾ ಸಾಲಿನ ಮುಂದೆ ಕಾವಲು ನಿಂತ 21 ವರ್ಷದ ಹುಡುಗ ಬುಸ್ಕೆಟ್ಸ್ ಎಷ್ಟು ಜನರ ನೆನಪಿನಲ್ಲಿದ್ದಾನೆ?

ಪಂದ್ಯದ ವರದಿಯ ಜೊತೆಗೆ ಪೂರೈಸಿದ ಪಾಸ್‌ಗಳು, ಎದುರಾಳಿಯಿಂದ ಚೆಂಡು ಕಸಿದ ಸಂದರ್ಭಗಳು, ಇಷ್ಟನ್ನಾದರೂ ಪುಟ್ಟ ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಮಿಡ್‌ಫೀಲ್ಡರ್‌ಗಳ ಕುರಿತ ಲೇಖನಗಳಲ್ಲಿ ಯಾವುದಾದರೂ ಒಂದು ಪಂದ್ಯದ ಹತ್ತು ನಿಮಿಷದ ಆಟವನ್ನು ಬಿಡಿಸಿ ವಿವರಿಸಿದರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗ