ಬಿಳಿಗಿರಿ ಬೆಟ್ಟಕ್ಕೆ ಹೊರಟ ಮಗಳಿಗೆ

ಚಿ. ಅನಘಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಗೆಳತಿಯರ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೀಯೆಂದು ನಿಮ್ಮಮ್ಮ ಹೇಳಿದಳು. ಮಳೆಗಾಲ ಕಳೆದ ಮೇಲೆ ಹೋಗುತ್ತಿರುವುದು ಒಳ್ಳೆಯದೇ ಆಯಿತು. ಯಳಂದೂರಿನಿಂದ ಮೇಲೇರುತ್ತಿದ್ದಂತೆ ಕುರುಚಲು ಕಾಡು ಹಿಂದೆ ಸರಿದು ಎತ್ತರದ ಮರಗಳು ಬರುತ್ತವೆ. ಇನ್ನೂ ಮೇಲೆ ಹುಲ್ಲುಬೆಟ್ಟ, ಅದರ ಕಣಿವೆಗಳಲ್ಲಿ ಶೋಲಾ ಎನ್ನುವ ದಟ್ಟ ಹಸಿರು ಕಾಡು. ಪೂರ್ವ ಘಟ್ಟವೂ ಪಶ್ಚಿಮ ಘಟ್ಟವೂ ಕೂಡುವ ಜಾಗ ಅದು. ಕಣ್ತುಂಬ ನೋಡಿ ಬಾ.

ಆದರೆ ಟ್ರೈಬಲ್ ವಿಲೇಜ್‌ಗೆ ಹೋಗಿ ಫೋಟೊ ತೆಗೆಯುತ್ತೇನೆ ಅಂದೆಯಂತೆ. ಈ ಕಾಗದ ಅದಕ್ಕೇ.

ಯರಕನಗದ್ದೆ, ಹೊಸಪೋಡು, ಬಂಗ್ಲೆಪೋಡು ಎಲ್ಲ ಆ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಬಾಳುವ ಊರುಗಳು. ಅವರ ಊರಿಗೆ ಪೋಡು ಎನ್ನುತ್ತಾರೆ. ನಿಮ್ಮ ಅಂಗಳಕ್ಕೆ ಯಾರೋ ಬಂದು ಅಜ್ಜಿ ಅಕ್ಕಿ ಆರಿಸುವುದನ್ನು ಕೇಳದೆ ಮೊಬೈಲಿನಲ್ಲಿ ಹಿಡಿದರೆ ನಿಮ್ಮಮ್ಮ ಸುಮ್ಮನಿರುತ್ತಾಳೆಯೇ? ಪರಿಚಯದ ಸೋಲಿಗರೊಬ್ಬರ ಜೊತೆಯಲ್ಲೇ ಪೋಡಿಗೆ ಹೋಗು. ಮೊದಲು ಕೂತು ಮಾತಾಡು. ಅವರು ಒಪ್ಪಿದರೆ ಮಾತ್ರ ಫೋಟೊ. ಮಕ್ಕಳಿಗೆ ಚಾಕಲೇಟು ಹಂಚಿ ನಿಲ್ಲಿಸಿ ತೆಗೆಯುವುದಂತೂ ಬೇಡವೇ ಬೇಡ. ಬೆಟ್ಟದ ದೇವರು ರಂಗಸ್ವಾಮಿಯೇ ಅವರಿಗೆ ಬಾವ, ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಆ ಕತೆ ಕೇಳು, ಹಿರಿಯರು ಖುಷಿಯಿಂದ ಹೇಳುತ್ತಾರೆ.

ಕಾಡಿನ ಕತೆಯನ್ನೂ ಕೇಳು. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಎಷ್ಟೋ ಕುಟುಂಬಗಳನ್ನು ಹಳೆಯ ಪೋಡುಗಳಿಂದ ಎಬ್ಬಿಸಿದರು. ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ, ಅವರ ಬಾಯಲ್ಲಿ ತರಗು ಬೆಂಕಿ, ಅದೂ ನಿಂತಿತು. ಲಂಟಾನ ಕಳೆ ಹಬ್ಬಿದ್ದು, ನೆಲ್ಲಿಮರಕ್ಕೆ ಬಂದಳಿಕೆ ಹತ್ತಿದ್ದು ಆಮೇಲೆಯೇ ಎನ್ನುತ್ತಾರೆ ಅವರು. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ. ತಲೆಮಾರುಗಳಿಂದ ಆ ಕಾಡನ್ನು ದಿನವೂ ನೋಡಿದವರು, ಜೇನು ಕೀಳುವಾಗಲೂ ಹುಳುಗಳಿಗೊಂದು ಪಾಲು ಬಿಟ್ಟು ಬರುವವರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅವರ ಗ್ರಾಮಸಭೆಗಳಿಗೆ ಅರಣ್ಯದ ಮೇಲೆ ಸಮುದಾಯ ಹಕ್ಕೂ ಸಿಕ್ಕಿತು. ಎಷ್ಟು ವರ್ಷ ಅಲೆದು, ಕೇಳಿ ಪಡೆದ ಹಕ್ಕು ಅದು! ಕಾಡು ಚೆಂದವಿದೆ ಅನ್ನುವವರಿಗೆ ಇದೂ ಗೊತ್ತಿರಬೇಕು ಮಗಳೇ.

ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವರಿಗೆ ದೇವರು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿ ಅಲ್ಲಿಗೆ ಹೋದರೆ ಚಪ್ಪಲಿ ದೂರದಲ್ಲೇ ಬಿಡು, ಕೊಂಬೆಗೆ ಜೋತು ಬೀಳಬೇಡ. ಜೇನು, ಕಾಫಿಪುಡಿ ಕೊಳ್ಳುವುದಿದ್ದರೆ ಸೋಲಿಗರಿಂದಲೇ ಕೊಳ್ಳು, ಚೌಕಾಸಿ ಮಾಡಬೇಡ. ಸಂಜೆ ರಸ್ತೆಯಲ್ಲಿ ಆನೆ ಇರುತ್ತವೆ, ಬೆಳಕಿರುವಾಗಲೇ ಇಳಿದುಬಿಡಿ. ತೆಗೆದ ಫೋಟೊಗಳ ಪ್ರತಿ ಹಾಕಿಸಿ ಆ ಮನೆಯವರಿಗೆ ಕಳಿಸು, ಪೋಸ್ಟಿನ ಖರ್ಚು ನಾನು ಕೊಡುತ್ತೇನೆ.

ನಿನ್ನ ದೊಡ್ಡಮ್ಮ