ತಾಯಿಯ ಪಾತ್ರ ಸಿಕ್ಕ ಮಗಳಿಗೆ

ಮೈಸೂರು
12 ಡಿಸೆಂಬರ್ 2023

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿಮ್ಮ ಹವ್ಯಾಸಿ ತಂಡದ ಹೊಸ ನಾಟಕದಲ್ಲಿ ನಿನಗೆ ನಾಯಕನ ತಾಯಿಯ ಪಾತ್ರ ಕೊಟ್ಟಿದ್ದಾರೆಂದೂ, 24ನೆಯ ವಯಸ್ಸಿಗೇ ತಲೆಗೆ ಬಿಳಿ ಬಳಿದುಕೊಳ್ಳಲಾರೆನೆಂದು ನೀನು ತಾಲೀಮಿಗೆ ಹೋಗುವುದನ್ನೇ ಬಿಟ್ಟಿರುವೆಯೆಂದೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಕಳೆದ ಶುಕ್ರವಾರ ನಟಿ ಲೀಲಾವತಿಯವರು ತೀರಿಕೊಂಡ ಸುದ್ದಿ ಕೇಳಿದಂದಿನಿಂದ ನನ್ನ ಮನಸ್ಸು ಅವರ ಚಿತ್ರಗಳಲ್ಲೇ ಸುತ್ತುತ್ತಿದೆ. ಅವರ ವಿಷಯವನ್ನೇ ನಿನಗೆ ಬರೆಯಬೇಕೆನಿಸಿತು.

ಬೆಳ್ತಂಗಡಿಯ ಕಡೆಯಿಂದ ಬಂದು, ನಾಟಕ ಕಂಪನಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದವರು ಅವರು. 1960ರ ‘ರಾಣಿ ಹೊನ್ನಮ್ಮ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾದರು. 1963ರಲ್ಲಂತೂ ‘ಕುಲವಧು’, ‘ವೀರ ಕೇಸರಿ’, ‘ಮನ ಮೆಚ್ಚಿದ ಮಡದಿ’, ‘ಸಂತ ತುಕಾರಾಂ’ ಎಂದು ಒಂದರ ಹಿಂದೊಂದು ಬಂದವು. ಅಂಥವರು 1969ರಲ್ಲಿ, ಮೂವತ್ತರ ಆಸುಪಾಸಿನಲ್ಲಿದ್ದಾಗಲೇ, ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’ಯಲ್ಲಿ ಕಲ್ಪನಾ ಅವರಿಗೆ ತಾಯಿಯಾಗಿ ನಿಂತರು. ಆ ಮುಖದಲ್ಲಿ ನಾಯಕಿಯ ಪಟ್ಟ ಕಳೆದುಕೊಂಡ ಕೊರಗನ್ನು ನೀನು ಎಷ್ಟು ಹುಡುಕಿದರೂ ಕಾಣಲಾರೆ.

1974ರಲ್ಲಿ ‘ಭಕ್ತ ಕುಂಬಾರ’ ಬಂದಾಗ ನನಗೆ ಹನ್ನೆರಡು ವರ್ಷ. ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ನೋಡಿದೆವು. ಗೋರ ವಿಠ್ಠಲನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುತ್ತಿರುವಾಗ, ಅಂಬೆಗಾಲಿಟ್ಟು ಬಂದ ಅವನದೇ ಕೂಸು ಆ ಕಾಲಡಿಗೆ ಸಿಕ್ಕಿ ಕೆಸರಿನಲ್ಲಿ ಸೇರಿಹೋಗುವ ಕಥೆ ನಿನಗೆ ಗೊತ್ತಿದೆ. ಆ ಕೂಸಿನ ತಾಯಿಯಾಗಿದ್ದವರು ಲೀಲಾವತಿಯವರು. ಅವರು ಎದೆ ಬಡಿದುಕೊಂಡು ಅತ್ತ ಗಳಿಗೆಯಲ್ಲಿ ನಿನ್ನ ಅಜ್ಜಿ, ಮಡಿಲಲ್ಲಿ ಮಲಗಿದ್ದ ನಿನ್ನ ಅಮ್ಮನನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡರೆಂದರೆ, ನಿದ್ದೆಯಲ್ಲಿದ್ದ ಮಗು ಬೆಚ್ಚಿ ಎದ್ದು ಕಿರುಚಿತು. ಸುತ್ತ ಕೂತಿದ್ದವರು ಯಾರೂ ಗದರಲಿಲ್ಲ. ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ನಟನೆಯೆಂದರೆ ಏನೆಂದು ನನಗೆ ಮೊದಲು ತಿಳಿದದ್ದು ಪರದೆಯನ್ನು ನೋಡಿ ಅಲ್ಲ, ನನ್ನ ಅಮ್ಮನ ಆ ಕೈಗಳನ್ನು ನೋಡಿ.

ಇದಾದ ಎರಡೇ ವರ್ಷಕ್ಕೆ ‘ನಾ ನಿನ್ನ ಮರೆಯಲಾರೆ’ಯಲ್ಲಿ, ಗೋರನ ಪಾತ್ರ ಮಾಡಿದ್ದ ಅದೇ ರಾಜ್‌ಕುಮಾರ್ ಅವರಿಗೆ ಲೀಲಾವತಿಯವರು ತಾಯಿಯಾದರು. ರಾಜ್‌ಕುಮಾರ್ ಅವರಿಗಿಂತ ಎಂಟೊಂಬತ್ತು ವರ್ಷ ಚಿಕ್ಕವರು, ಕುಂಬಾರನ ಹೆಂಡತಿಯಾಗಿ ಜನರ ಕಣ್ಣಿನಲ್ಲಿ ಇನ್ನೂ ಹಸಿಯಾಗಿದ್ದವರು, ಆ ನಾಯಕನ ತಲೆ ನೇವರಿಸಿ ಮಗನೇ ಎಂದರೆ ಚಿತ್ರಮಂದಿರದಲ್ಲಿ ಒಬ್ಬರೂ ನಗಲಿಲ್ಲ. ಸುಮಾರು 600 ಚಿತ್ರಗಳಲ್ಲಿ ನಟಿಸಿದರೆಂದು ಈಗ ಎಲ್ಲರೂ ಬರೆಯುತ್ತಿದ್ದಾರೆ. ನನಗೆ ಆ ಲೆಕ್ಕಕ್ಕಿಂತ ಈ ಎರಡು ವರ್ಷಗಳ ಅಂತರವೇ ದೊಡ್ಡದು.

ಕೊನೆಯ ವರ್ಷಗಳಲ್ಲಿ ಅವರು ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಮಗ ವಿನೋದ್ ರಾಜ್ ಜೊತೆ ತೋಟ ಮಾಡಿಕೊಂಡು, ಊರಿನವರಿಗೆಂದು ಆಸ್ಪತ್ರೆ ಕಟ್ಟಿಸಿ, ರೈತಾಪಿ ಹೆಂಗಸಿನಂತೆಯೇ ಬದುಕಿದರು. ಅವರ ದೇಹವನ್ನು ಮಣ್ಣು ಮಾಡಿದ್ದೂ ಆ ತೋಟದಲ್ಲೇ.

ಪುಟ್ಟಿ, ನಿನಗೆ ಬೇಸರವಾದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಪಾತ್ರವನ್ನು ಬಿಡುವ ಮುನ್ನ, ನಿನ್ನ ಮಾತಿಲ್ಲದ ಕಡೆ ಆ ತಾಯಿ ರಂಗದ ಮೇಲೆ ಏನು ಮಾಡುತ್ತಿರುತ್ತಾಳೆ, ಮಗ ಒಳಗೆ ಬಂದಾಗ ಮೊದಲು ಅವನ ಮುಖ ನೋಡುತ್ತಾಳೋ ಕಾಲು ನೋಡುತ್ತಾಳೋ ಎಂದು ಒಂದು ಸಂಜೆ ಕೂತು ಯೋಚಿಸು. ಅಮ್ಮನ ಪಕ್ಕ ಕೂತು ‘ಭಕ್ತ ಕುಂಬಾರ’ವನ್ನೂ ಇನ್ನೊಮ್ಮೆ ನೋಡು. ಆಮೇಲೂ ಬೇಡವೆನಿಸಿದರೆ ನಾನು ಒತ್ತಾಯಿಸುವುದಿಲ್ಲ.

ನಿನ್ನ ಅಜ್ಜಿಯ ಹಳೆಯ ಇಳಕಲ್ ಸೀರೆ ನನ್ನ ಪೆಟ್ಟಿಗೆಯಲ್ಲಿದೆ. ಅಂಚು ಒಂದು ಕಡೆ ಪಿಸಿದಿದೆ, ಅದನ್ನು ಹೊಲಿದು ಇಟ್ಟಿದ್ದೇನೆ. ತಾಲೀಮು ಯಾವತ್ತೆಂದು ತಿಳಿಸಿದರೆ ಅದಕ್ಕೆ ಮೊದಲೇ ಕೈಸೇರುವಂತೆ ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ