ನವಜಾತ ಶಿಶು ಘಟಕದೊಳಗೆ ತಾಯಿಗೂ ಹಾಸಿಗೆ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ತಿಂಗಳು ತುಂಬುವ ಮೊದಲೇ ಹುಟ್ಟಿದ ನನ್ನ ಮೊಮ್ಮಗಳನ್ನು ಸರ್ಕಾರಿ ಆಸ್ಪತ್ರೆಯೊಂದರ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಸೇರಿಸಿದ್ದಾಗ, ಸಿಸೇರಿಯನ್ ಹೊಲಿಗೆ ಇನ್ನೂ ಮಾಯದ ನನ್ನ ಮಗಳು ಹೊರಗೆ ಚಾಪೆಯ ಮೇಲೆ ಮಲಗುತ್ತಿದ್ದಳು. ಮೂರು ಗಂಟೆಗೊಮ್ಮೆ ಗೋಡೆಯ ಕಡೆ ತಿರುಗಿ ಕುಳಿತು, ಸೆರಗು ಮರೆಮಾಡಿಕೊಂಡು, ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಬಾಗಿಲ ಸಂದಿಯಿಂದ ಸಿಸ್ಟರ್ ಕೈಗೆ ಕೊಡುತ್ತಿದ್ದಳು. ಹಗಲಿರುಳು ದುಡಿಯುತ್ತಿದ್ದ ಆ ಸಿಸ್ಟರ್‌ಗಳ ಮೇಲೆ ನನ್ನ ದೂರಿಲ್ಲ. ತಾಯಿಯನ್ನು ಹೊರಗಿನವಳೆಂದು ಕಾಣುವ ವ್ಯವಸ್ಥೆಯ ಮೇಲಿದೆ.

ಹೆತ್ತವರಿಗೆ ತರಬೇತಿ ಕೊಟ್ಟು ಮಗುವಿನ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮನೆಯವರು ಒಳಗೆ ಬಂದರೆ ಸೋಂಕು ಹರಡುತ್ತದೆಂಬ ಅಂಜಿಕೆ ಸಹಜವೇ. ಆದರೆ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಹೆತ್ತವರಿಗೆ ಕಲಿಸಿ ಒಳಗೆ ಬಿಟ್ಟು ನಡೆಸಿದ ಅಧ್ಯಯನದಲ್ಲಿ ಸೋಂಕು ಹೆಚ್ಚಲಿಲ್ಲ, ಎದೆಹಾಲು ಕುಡಿಯುವ ಮಕ್ಕಳ ಪ್ರಮಾಣ ಹೆಚ್ಚಿತು. ಇದಕ್ಕಿಂತ ದೊಡ್ಡ ಆಧಾರವೂ ಇದೆ. ದೆಹಲಿಯ ಸಫ್ದರ್‌ಜಂಗ್ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಅಥವಾ ಮನೆಯವರೊಬ್ಬರ ಎದೆಗೊರಗಿಸಿ ಕಾಂಗರೂ ಆರೈಕೆ ಕೊಟ್ಟಾಗ, 28 ದಿನಗಳೊಳಗಿನ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯಿತು. ತಾಯಿಯ ಮಂಚವೂ ಮಗುವಿನ ಯಂತ್ರಗಳೂ ಒಂದೇ ಕೋಣೆಯಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕು. ಇಂಥ ಆರೈಕೆಯನ್ನು ಇಡೀ ಜಿಲ್ಲೆಗೆ ವಿಸ್ತರಿಸುವ ಪ್ರಯತ್ನ ನಮ್ಮದೇ ಕೊಪ್ಪಳದಲ್ಲಿ ನಡೆದಿರುವಾಗ, ಉಳಿದ ಜಿಲ್ಲೆಗಳು ಹಿಂಜರಿಯಬೇಕಿಲ್ಲ.

ಆದ್ದರಿಂದ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ತಾಯಿ-ಶಿಶು ಒಟ್ಟಿಗಿರುವ ಘಟಕಕ್ಕೆ ಬರುವ ಬಜೆಟ್‌ನಲ್ಲಿ ಹಣ ಮೀಸಲಿಡಬೇಕೆಂದೂ, ತಾಯಿ ದಣಿದಾಗ ಮಗುವನ್ನು ಎದೆಗಪ್ಪಿಕೊಳ್ಳಲು ತಂದೆಗೋ ಅಜ್ಜಿಗೋ ರಾತ್ರಿಯಲ್ಲೂ ಪ್ರವೇಶ ಕೊಡಬೇಕೆಂದೂ ಕೋರುತ್ತೇನೆ. ಊಟದ ವಿಷಯ ಸಣ್ಣದೆಂದು ಬಿಡಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಾಣಂತಿಗೆ ಉಚಿತ ಊಟ ಸಿಗುವುದು ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ. ಕಡಿಮೆ ತೂಕದ ಕೂಸು ಎಷ್ಟೋ ವಾರ ಒಳಗೇ ಇರುತ್ತದೆ. ಹೊಟ್ಟೆಗಿಲ್ಲದ ತಾಯಿ ಹಾಲು ಎಲ್ಲಿಂದ ತರಬೇಕು? ಮಗು ಬಿಡುಗಡೆಯಾಗುವವರೆಗೂ ಆಕೆಗೆ ಆಸ್ಪತ್ರೆಯಲ್ಲೇ ಊಟ ಸಿಗುವಂತೆ ತಾವು ಆದೇಶ ಹೊರಡಿಸಬೇಕು. ಇದಕ್ಕೆ ಹೊಸ ಕಟ್ಟಡ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ